ತೊಗರಿಬೇಳೆಯ ಊರುಗಳು

ನನ್ನ ಹೆಂಡತಿಯ ಕುಂಕುಮದ ಭರಣಿ ಪ್ಲಾಸ್ಟಿಕ್ ಹಾಳೆಯೊಳಗೆ ಸಿಕ್ಕಿಕೊಂಡು ಹೊರಗೆ ಬಾರದೆ ಹೋದ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಒಂದು ತಾಸು ತಡವಾಯಿತು. ಅದು ಅವಳ ತವರಿನಿಂದ ಬಂದ ಹಿತ್ತಾಳೆಯ ಭರಣಿ. ಹೊಟ್ಟೆ ಗುಂಡಗೆ, ಬುಡ ಸಣ್ಣದು. ಕಾದು ಮೆತ್ತಗಾದ ಹಾಳೆ ಅದರ ಹೊಟ್ಟೆಯನ್ನು ಸವರಿಕೊಂಡು ಬುಡದ ಕೆಳಗೂ ನುಗ್ಗಿ, ಅಲ್ಲಿಯೇ ತಣ್ಣಗಾಗಿ ಬಿಗಿದು ಕೂತಿತ್ತು. ಜಗ್ಗಿದೆ, ತಿರುವಿದೆ, ಬಡಿದೆ. ಕೊನೆಗೆ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕಾಯಿತು. ಭರಣಿಯ ಮೇಲೆ ಒಂದು ಗೀರು ಬಿತ್ತು.

"ಮೂವತ್ತೇಳು ವರ್ಷ ಬ್ಯಾಂಕಿನಾಗ ಮಂದಿ ರೊಕ್ಕ ಎಣಿಸಿದ್ರಿ, ಒಂದ ರೂಪಾಯಿ ಹಾಳ ಮಾಡ್ಲಿಲ್ಲ. ಈಗ ಮನ್ಯಾಗಿನ ಸಾಮಾನ ಒಂದೊಂದ ಹಾಳ ಮಾಡಾಕ ಹತ್ತೀರಿ ನೋಡ್ರಿ" ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟು ಹೊತ್ತಿಗಾಗಲೇ ಎರಡು ಕರೆಂಟಿನ ಒಲೆ, ಒಂದು ಎಣ್ಣೆ ಡಬ್ಬಿ, ಹಾಸಿಗೆಯ ಕೆಳಗಿನ ರೆಕ್ಸಿನ್, ಅವಳ ಹಿಟ್ಟು ಜರಡಿಯ ತಂತಿಬಲೆ ಎಲ್ಲವೂ ನನ್ನ ಯಂತ್ರಕ್ಕೆ ಆಹುತಿಯಾಗಿದ್ದವು.

ನಾನು ಬಿ.ಕಾಂ. ಓದಿದವನು. 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 2010ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದೆ. ಬಡ್ತಿ ತೆಗೆದುಕೊಂಡರೆ ದೂರದ ಊರಿಗೆ ಹಾಕುತ್ತಾರೆಂದು ಬೇಡವೆಂದೆ. ಹೀಗಾಗಿ ನನ್ನ ಇಡೀ ನೌಕರಿ ಸವಣೂರು, ಶಿಗ್ಗಾವಿ, ಹಿರೇಕೆರೂರು, ಹಾನಗಲ್ಲ ಈ ನಾಲ್ಕೇ ಊರುಗಳಲ್ಲಿ ತಿರುಗಿ ಮುಗಿಯಿತು. ನಾನು ಸೇರಿದಾಗ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಈಗ ನೆಲೆ ನಿಂತದ್ದು ಹಾನಗಲ್ಲಿನಲ್ಲಿ. ಯಂತ್ರ, ವಿಜ್ಞಾನ ಅಂದರೆ ನನಗೆ ಅಷ್ಟಕ್ಕಷ್ಟೇ. ಸೈಕಲ್ಲಿನ ಚೈನು ಹಾಕುವುದಕ್ಕಿಂತ ಹೆಚ್ಚಿನ ರಿಪೇರಿ ಮಾಡಿದವನಲ್ಲ. ಅಂಥವನು ಎಪ್ಪತ್ತು ದಾಟಿದ ಮೇಲೆ ಪ್ಲಾಸ್ಟಿಕ್ ಕಾಯಿಸಿ ಅಚ್ಚು ತೆಗೆಯುವ ಯಂತ್ರ ಕಟ್ಟಲು ಹೊರಟದ್ದು ನನ್ನ ಮಗಳ ಮಗಳಿಗಾಗಿ.

ಅವಳನ್ನು ನಾವು ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಅವಳಿಗೆ ಐದಾರು ವರ್ಷವಾದಾಗ ಸಂಜೆಯ ಹೊತ್ತು ನಡೆಯುವಾಗ ಎಡವತೊಡಗಿದಳು. ಜಾತ್ರೆಯಲ್ಲಿ ಕತ್ತಲಾದರೆ ಕೈ ಬಿಡುತ್ತಿರಲಿಲ್ಲ. ಅಂಜುಬುರುಕಿ ಎಂದು ನಾವು ನಗುತ್ತಿದ್ದೆವು. ಐದನೇ ಇಯತ್ತೆಗೆ ಬರುವಷ್ಟರಲ್ಲಿ ಪುಸ್ತಕದ ಅಕ್ಷರವೂ ಕಾಣದಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಕಣ್ಣಿನ ಹಿಂದಿನ ಪರದೆಯ ರೋಗ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಬೆಳಕು ಎಲ್ಲಿದೆ ಎಂಬಷ್ಟು ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಚೀಟಿ ಬರೆಯುತ್ತ ಡಾಕ್ಟರು ತಲೆ ಎತ್ತದೆ ಕೇಳಿದರು: "ತಂದೆ ತಾಯಿದು ಸಂಬಂಧದಾಗ ಮದುವೀನೇನ್ರೀ?"

ಹೌದು. ನನ್ನ ಮಗಳನ್ನು ನನ್ನ ಹೆಂಡತಿಯ ಕಿರಿಯ ತಮ್ಮನಿಗೇ ಕೊಟ್ಟಿದ್ದೆವು. ಸೋದರಮಾವ. ನಮ್ಮ ಕಡೆ ಅದೇನು ಹೊಸದಲ್ಲ. ಆದರೆ ಮಗಳು ಅಂದು ಎರಡು ದಿನ ಉಂಡಿರಲಿಲ್ಲ. "ಮನಿ ಹುಡುಗ, ಹೊಲ ಐತಿ, ನಿನ್ನ ಕಣ್ಣ ಮುಂದ ಬೆಳದಾನ" ಎಂದು ಒಪ್ಪಿಸಿದವನು ನಾನೇ. ಡಾಕ್ಟರ ಪ್ರಶ್ನೆಗೆ ಆ ಕೋಣೆಯಲ್ಲಿ ಉತ್ತರ ಕೊಟ್ಟವಳು ಮಗಳು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡುತ್ತ ನಿಂತಿದ್ದೆ.

ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಇಂಥ ಕೆಲವು ರೋಗಗಳು ಇಬ್ಬರ ಸಹಿ ಬೇಕಾದ ಚೆಕ್ಕಿನಂತೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೂಡಿದರೆ ಮಾತ್ರ ಪಾಸಾಗುತ್ತದೆ. ಹೊರಗಿನ ಸಂಬಂಧವಾದರೆ ಎರಡನೆಯ ಸಹಿ ಸಿಗುವುದು ಅಪರೂಪ. ಒಂದೇ ಮನೆತನದಲ್ಲಿ ಒಂದೇ ಸಹಿ ಇಬ್ಬರ ಬಳಿಯೂ ಇರುತ್ತದೆ. ಇದನ್ನು ಓದುತ್ತಿರುವ ಯಾರಾದರೂ ಮನೆಯಲ್ಲಿ ಇಂಥ ಮಾತುಕತೆ ನಡೆಸಿದ್ದರೆ ಒಮ್ಮೆ ಡಾಕ್ಟರನ್ನು ಕೇಳಿ ಮುಂದುವರಿಯಿರಿ. ಇಷ್ಟೇ ಹೇಳಬಲ್ಲೆ.

ಊರಿಗೆ ಬಂದ ಮೇಲೆ ಬೀಗರು ಬಿಜ್ಜರು ಬಂದು ಹೋದರು. ಬಂದವರೆಲ್ಲ ಒಂದೇ ಮಾತು: "ಗದಗಿಗೆ ಕಳಸ್ರಿ, ಪುಣ್ಯಾಶ್ರಮಕ್ಕ. ಸಂಗೀತ ಕಲೀಲಿ." ಆ ಮಾತಿಗೆ ನಮ್ಮ ಸೀಮೆಯಲ್ಲಿ ತೂಕವಿದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಇದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಈ ಕಡೆಯವರೇ. ಇಬ್ಬರೂ ಕಣ್ಣಿಲ್ಲದೆ ಎಷ್ಟು ಜನರಿಗೆ ದಾರಿ ತೋರಿಸಿದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಪುಟ್ಟಿಗೆ ಸರಿಗಮ ಹಿಡಿಸಲಿಲ್ಲ. ಕಂಠವೂ, ನಿಜ ಹೇಳಬೇಕೆಂದರೆ, ಅವರಪ್ಪನದೇ.

ಅವಳಿಗೆ ಹುಚ್ಚು ಊರುಗಳದು. ಬಸ್ಸು ಹತ್ತಿದರೆ ಕಿಟಕಿಯ ಪಕ್ಕ ಕೂತು, ಬಸ್ಸು ನಿಂತಲ್ಲೆಲ್ಲ "ಇದು ಯಾವೂರು? ಎಡಕ್ಕ ಹೋದ್ರ ಯಾವೂರು?" ಎಂದು ಕೇಳುತ್ತಾಳೆ. ಕಂಡಕ್ಟರರಿಗೆಲ್ಲ ಅವಳು ಗೊತ್ತು. ಶಾಲೆಯಲ್ಲಿ ಸಮಾಜ ವಿಜ್ಞಾನದ ಪಾಠವೆಂದರೆ ಪ್ರಾಣ. ಒಂದು ದಿನ ಮೋರೆ ಸಪ್ಪಗೆ ಮಾಡಿಕೊಂಡು ಬಂದಳು. ನಕ್ಷೆಯ ಪ್ರಶ್ನೆ ಬಂದಾಗ ಗುರುಗಳು, "ನಕಾಶೆ ನಿನಗ ಬ್ಯಾಡ ಬಿಡವಾ, ಅದರ ಬದಲಿ ಬ್ಯಾರೆ ಪ್ರಶ್ನೆ ಕೊಡತೀನಿ" ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ಆದರೆ ಇಡೀ ತರಗತಿ ಹಾಳೆ ಬಿಡಿಸಿಕೊಂಡು ಹೊಳೆ, ಊರು ಹುಡುಕುವಾಗ ಅವಳೊಬ್ಬಳು ಕೈಕಟ್ಟಿ ಕೂತಿದ್ದಳಂತೆ.

"ಅಜ್ಜಾ, ನಕಾಶೆ ಅಂದ್ರ ಹೆಂಗ ಇರತೈತಿ?" ಎಂದಳು.

ಜಿಲ್ಲೆಯ ನಾಲ್ಕು ತಾಲೂಕಿನ ಮಣ್ಣು ತುಳಿದವನು ನಾನು. ಬಾಯಿಂದ ಹೇಳಲು ಬರಲಿಲ್ಲ. ಬಡಗಣ, ತೆಂಕಣ ಎಂದು ಕೈ ತೋರಿಸಿದೆ. ತೋರಿಸಿದ ಕೈ ಅವಳಿಗೆ ಕಾಣುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ತಿಂಗಳಿಗೊಮ್ಮೆ ಬಂದು ಬ್ರೈಲ್ ಕಲಿಸುವ ವಿಶೇಷ ಶಿಕ್ಷಕಿಯೊಬ್ಬರಿದ್ದಾರೆ. ಅವರ ಚೀಲದಲ್ಲಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಪುಟವಿತ್ತು. ಮೇಲೆ ಚುಕ್ಕಿಗಳು, ಒಂದು ಎಲೆಯ ಚಿತ್ರ, ನರಗಳೆಲ್ಲ ಉಬ್ಬು. ತಿರುಗಿಸಿ ನೋಡಿದರೆ ಹಿಂದೆ ಟೊಳ್ಳು. ಮೂಲ ಅಚ್ಚಿನ ಮೇಲೆ ಕಾದ ಪ್ಲಾಸ್ಟಿಕ್ ಹಾಸಿ ಕೆಳಗಿನಿಂದ ಗಾಳಿ ತೆಗೆದರೆ ಹೀಗೆ ಪಡಿಯಚ್ಚು ಬರುತ್ತದೆ, ಒಂದು ಅಚ್ಚಿನಿಂದ ಬೇಕಾದಷ್ಟು ತೆಗೆಯಬಹುದು ಎಂದರು. ಯಂತ್ರದ ಬೆಲೆ ಕೇಳಿ ಸುಮ್ಮನಾದೆ. ಆ ರಾತ್ರಿ ಬಿ.ಪಿ. ಗುಳಿಗೆ ನುಂಗಲು ಹಾಳೆ ಒತ್ತಿದಾಗ ಕೈ ನಿಂತಿತು. ಗುಳಿಗೆ ಕೂತ ಆ ಸಣ್ಣ ಬಟ್ಟಲುಗಳೂ ಹೀಗೇ ಹುಟ್ಟಿದ್ದಲ್ಲವೇ? ಬಿಸ್ಕತ್ತಿನ ಪೊಟ್ಟಣದೊಳಗಿನ ತಟ್ಟೆ, ಪೇಡೆಯ ಡಬ್ಬಿಯ ಗುಳಿಗಳು, ಎಷ್ಟೋ ಮೊಸರಿನ ಕಪ್ಪುಗಳು, ಎಲ್ಲವೂ ಇದೇ ವಂಶ. ಇಷ್ಟು ವರ್ಷ ಬಿಚ್ಚಿ ಬಿಸಾಡಿದ್ದೆ, ನೋಡಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕೆಲವು ವಿಡಿಯೋ ಕಳಿಸಿದ. ಜನ ಮನೆಯಲ್ಲೇ ಇದನ್ನು ಮಾಡುತ್ತಾರೆ. ಬೇಕಾದದ್ದು ಮೂರೇ: ಮೇಲೆ ತೂತುಗಳಿರುವ ಒಂದು ಪೆಟ್ಟಿಗೆ, ಹಾಳೆ ಹಿಡಿಯುವ ಒಂದು ಚೌಕಟ್ಟು, ಕಾಯಿಸಲು ಒಂದು ಒಲೆ. ಪೆಟ್ಟಿಗೆಯ ಗಾಳಿ ಎಳೆಯಲು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಸಾಕು.

ಕ್ಲೀನರ್ ಸಿಕ್ಕದ್ದು ಸವಣೂರಿನಲ್ಲಿ. ಅಲ್ಲಿನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಮಗ ಕೊಡಿಸಿದ್ದನಂತೆ. ಕಸಬರಿಗೆಯಷ್ಟು ಚೊಕ್ಕಟ ಆಗುವುದಿಲ್ಲವೆಂದು ಅವರ ಮನೆಯವರು ಅಟ್ಟಕ್ಕೆ ಏರಿಸಿದ್ದರು. ಒಂದು ಪುಡಿಕೆ ಸವಣೂರು ಖಾರದ ಜೊತೆ ಅದನ್ನೂ ಕೊಟ್ಟರು. ಪುಟ್ಟಿಯನ್ನು ಅಂದು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಮಠದ ಆವರಣದಲ್ಲಿ ದೊಡ್ಡಹುಣಸೆ ಎನ್ನುವ ಮೂರು ಮರಗಳಿವೆ. ಹೆಸರಿಗೆ ಹುಣಸೆ, ನಿಜಕ್ಕೂ ಆಫ್ರಿಕಾದ ಬಾವೊಬಾಬ್ ಜಾತಿ. ಗುಮಾಸ್ತನಾಗಿದ್ದಾಗ ಎಷ್ಟೋ ಸಂಜೆ ಅವುಗಳ ಬುಡದಲ್ಲಿ ಕೂತಿದ್ದೆ. ಅವಳು ಒಂದು ಮರವನ್ನು ತಬ್ಬಿ, ಕೈ ಊರಿಕೊಂಡೇ ಸುತ್ತಲೂ ನಡೆದು ಬಂದಳು. "ಇದು ಗ್ವಾಡಿ ಅಲ್ಲೇನು?" ಎಂದು ಎರಡು ಸಲ ಕೇಳಿದಳು.

ಪೆಟ್ಟಿಗೆಯನ್ನು ಹಾನಗಲ್ಲಿನ ಬಡಿಗೇರರು ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟರು: 14 ಇಂಚು ಉದ್ದ, 10 ಇಂಚು ಅಗಲ, ಎರಡಿಂಚು ಎತ್ತರ. ಪಕ್ಕಕ್ಕೆ ಕ್ಲೀನರಿನ ಪೈಪಿಗೆ ಒಂದು ತೂತು. ಮೇಲಿನ ಹಾರ್ಡ್‌ಬೋರ್ಡಿಗೆ ಅರ್ಧರ್ಧ ಇಂಚಿಗೆ ಒಂದರಂತೆ ಸಣ್ಣ ತೂತು ಕೊರೆಯುವ ಕೆಲಸ ನನ್ನದು. ಉದ್ದಕ್ಕೆ 27, ಅಡ್ಡಕ್ಕೆ 19, ಒಟ್ಟು 513. ಮೂರು ಡ್ರಿಲ್ ಬಿಟ್ಟು ಮುರಿದವು. ಲೆಕ್ಕ ತಾಳೆಯಾಗುವ ತನಕ ಎದ್ದೇಳದಿರುವ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು. ಜೋಡುವ ಸಂದುಗಳಿಗೆಲ್ಲ ಸಿಲಿಕೋನ್ ಹಚ್ಚಿದೆ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆ.

ಪರೀಕ್ಷೆ ಮಾಡೋಣವೆಂದು ಮೇಲೆ ರೆಕ್ಸಿನ್ ಹಾಸಿ ಸ್ವಿಚ್ ಹಾಕಿದೆ. ಲಟಕ್ ಎಂದಿತು. ನನ್ನ 513 ತೂತಿನ ಹಲಗೆ ನಡುವೆ ಮುರಿದು ಒಳಕ್ಕೆ ಬಿದ್ದಿತ್ತು.

ಕ್ಲೀನರಿಗೆ ಇಷ್ಟು ಶಕ್ತಿಯೇ ಎಂದು ಬೆರಗಾದೆ. ಮಗ ಫೋನಿನಲ್ಲಿ ನಕ್ಕ. "ಅಪ್ಪಾ, ಅದು ಎಳದದ್ದಲ್ಲ. ಮ್ಯಾಲಿನ ಗಾಳಿ ಒತ್ತಿದ್ದು." ಮಕ್ಕಳೇ, ಇದನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ನಮ್ಮ ಮೇಲಿರುವ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.ಯಷ್ಟು ಒತ್ತುತ್ತಲೇ ಇರುತ್ತದೆ. ಒಳಗೂ ಹೊರಗೂ ಸಮ ಇರುವುದರಿಂದ ನಮಗೆ ತಿಳಿಯುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಆಟೋ ಫಾನ್ ಗೆರಿಕೆ ಎಂಬಾತ ಲೋಹದ ಎರಡು ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದುಬಿಟ್ಟಾಗ ಎರಡೂ ಕಡೆ ಕುದುರೆ ಕಟ್ಟಿ ಎಳೆದರೂ ಅವು ಬಿಡಲಿಲ್ಲವಂತೆ. ನನ್ನ ಹಲಗೆ ಸುಮಾರು 900 ಚದರ ಸೆಂಟಿಮೀಟರು. ಮನೆಯ ಕ್ಲೀನರು ಒಳಗಿನ ಒತ್ತಡದಲ್ಲಿ ಐದರಲ್ಲೊಂದು ಪಾಲು ಕಡಿಮೆ ಮಾಡಿತೆಂದರೂ ಹೊರಗಿನಿಂದ 180 ಕೆ.ಜಿ. ಭಾರ. ಅಂದರೆ 50 ಕೆ.ಜಿ.ಯ ಮೂರೂವರೆ ಚೀಲ ಅಕ್ಕಿಯನ್ನು ಆ ಹಲಗೆಯ ಮೇಲೆ ಎತ್ತಿಹಾಕಿದಂತೆ. ಮುರಿಯದೆ ಇನ್ನೇನಾದೀತು! ಒಳಗೆ ಕಟ್ಟಿಗೆಯ ಎಂಟು ಗುಬುಟುಗಳನ್ನು ಆನಿಕೆ ಕೊಟ್ಟು, ಇನ್ನೊಂದು ಹಲಗೆಗೆ ಮತ್ತೆ 513 ತೂತು ಕೊರೆದೆ.

ಹಾಳೆ ಹಿಡಿಯಲು ಎರಡು ಅಲ್ಯೂಮಿನಿಯಂ ಚೌಕಟ್ಟು. ಎರಡರ ನಡುವೆ ಹಾಳೆ ಇಟ್ಟು ಸುತ್ತಲೂ ಹನ್ನೆರಡು ಕರೀ ಕ್ಲಿಪ್ಪು, ವೌಚರ್ ಕಟ್ಟು ಹಿಡಿಯುತ್ತಿದ್ದೆವಲ್ಲ, ಅವೇ. ಹಾಳೆಯನ್ನು ಹುಬ್ಬಳ್ಳಿಯಿಂದ ತರಿಸಿದೆ. ಅಂಗಡಿಯವರು ಹಿಪ್ಸ್ ಅನ್ನುತ್ತಾರೆ, ಪಾಲಿಸ್ಟೈರೀನಿನ ಗಟ್ಟಿ ಜಾತಿ. ಮನೆಯಲ್ಲಿ ಬಿದ್ದಿರುವ ಬ್ಯಾನರು, ಪೈಪಿನ ಪ್ಲಾಸ್ಟಿಕ್ಕು ಇಂಥವನ್ನು ಕಾಯಿಸಲು ಹೋಗಬಾರದು; ಪಿವಿಸಿ ಸುಟ್ಟರೆ ಬರುವ ಹೊಗೆ ಎದೆಗೆ ಕೆಟ್ಟದ್ದು. ಹಿಪ್ಸ್ ಕಾಯಿಸುವಾಗಲೂ ನಾನು ಹಿತ್ತಲ ಪಡಸಾಲೆ ಬಿಟ್ಟು ಒಳಗೆ ಬಂದಿಲ್ಲ.

ಒಲೆಯದೇ ದೊಡ್ಡ ಪಜೀತಿ. ಎರಡು ಕಾಯಿಲ್ ಒಲೆಗಳನ್ನು ಕೂಡಿಸಿ, ಎಣ್ಣೆ ಡಬ್ಬಿ ಕತ್ತರಿಸಿ ಸುತ್ತ ಗೋಡೆ ಕಟ್ಟಿದ್ದೆ. ಮೊದಲನೆಯ ದಿನ ಮನೆಯ ಫ್ಯೂಸ್ ಹೋಯಿತು. ಎರಡನೆಯ ದಿನ ಡಬ್ಬಿ ಮುಟ್ಟಿದ್ದೇ ಮೊಣಕೈ ತನಕ ಜುಮ್ ಎಂದಿತು. ಶಿಗ್ಗಾವಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಹಳೆಯ ಪರಿಚಯದವರಿದ್ದಾರೆ. ಅವರ ಅಂಗಡಿ ಶುರುವಾದದ್ದು ಐಆರ್‌ಡಿಪಿ ಸಾಲದಿಂದ. ಅರ್ಜಿ ತುಂಬಿಕೊಟ್ಟವನು ನಾನು. ಫೋನು ಮಾಡಿದ ಮರುದಿನವೇ ಬಸ್ಸು ಹತ್ತಿ ಬಂದರು. ನನ್ನ ಕಟ್ಟೋಣ ನೋಡಿ ಹಣೆ ಬಡಿದುಕೊಂಡರು. "ಸಾಹೇಬ್ರ, ಇದು ಒಲಿ ಅಲ್ರೀ, ಯಮನ ಮನಿ ಬಾಗ್ಲಾ." ತವರದ ಮೈಗೆ ಅರ್ಥಿಂಗ್ ಕೊಟ್ಟು, ಮೂರು ಪಿನ್ನಿನ ದಪ್ಪ ವಾಯರು ಎಳೆದು, ಬೇರೆ ಲೈನು, ಟ್ರಿಪ್ಪಾಗುವ ಸ್ವಿಚ್ಚು ಹಾಕಿಕೊಟ್ಟು ಹೋದರು. ಕೂಲಿ ಕೇಳಿದರೆ, "ಆಗ ನೀವು ಅರ್ಜಿಗೆ ಎಷ್ಟ ತಗೊಂಡಿದ್ರಿ?" ಎಂದರು. ಈ ಭಾಗವನ್ನು ಮಾತ್ರ ಬಲ್ಲವರಿಂದಲೇ ಮಾಡಿಸಬೇಕು, ಮಕ್ಕಳಂತೂ ಮುಟ್ಟಲೇಬಾರದು.

ಹಾಳೆಯ ಹದ ನೋಡುವುದು ಬೆಲ್ಲದ ಪಾಕ ನೋಡಿದಂತೆ. ಒಲೆಯಿಂದ ಒಂದು ಗೇಣು ಮೇಲೆ ಹಿಡಿದರೆ ಮೊದಲು ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಆಮೇಲೆ ತಾನೇ ಸರಿಯಾಗಿ ಹಲಗಿಯ ಚರ್ಮದಂತೆ ಬಿಗಿಯುತ್ತದೆ. ಇದೇ ಹದವೆಂದು ಹೊಸಬ ಮೋಸ ಹೋಗುತ್ತಾನೆ. ಇನ್ನಷ್ಟು ತಡೆದರೆ ನಡು ಜೋಲುತ್ತದೆ, ಒದ್ದೆ ಧೋತರ ಹಗ್ಗದ ಮೇಲೆ ಜೋತಂತೆ. ಆಗ ಎತ್ತಿ, ಎರಡು ಮೂರು ಸೆಕೆಂಡಿನೊಳಗೆ ಅಚ್ಚಿನ ಮೇಲೆ ಒತ್ತಿ ಕ್ಲೀನರ್ ಹಚ್ಚಬೇಕು. ಛಪ್ ಎಂದು ಹಾಳೆ ಅಚ್ಚಿಗೆ ಅಂಟಿಕೊಳ್ಳುವುದನ್ನು ನೋಡಿದರೆ ಎಪ್ಪತ್ತೈದು ವರ್ಷದವನಿಗೂ ಕುಣಿಯುವಂತಾಗುತ್ತದೆ. ಹತ್ತು ಹದಿನೈದು ಸೆಕೆಂಡಿಗೆ ಬಂದ್ ಮಾಡದಿದ್ದರೆ ಗಾಳಿ ಸಿಗದೆ ಕ್ಲೀನರಿನ ಮೋಟಾರು ಕಾಯುತ್ತದೆ. ನಡುವೆ ಬಿಸಿ, ಅಂಚಿಗೆ ತಣ್ಣಗೆ ಆಗುತ್ತಿದ್ದುದಕ್ಕೆ ಜರಡಿಯ ಬಲೆ ಅಡ್ಡ ಹಾಕಿದ ಮೇಲೆ ಶಾಖ ಸಮನಾಯಿತು. ಅದು ಯಾರ ಜರಡಿಯೆಂದು ಆಗಲೇ ಹೇಳಿದ್ದೇನೆ.

ಬಟ್ಟಲು, ಕರಟ, ಸೌಟು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಅಚ್ಚು ತೆಗೆಯುತ್ತ ಭರಣಿಯ ಹತ್ತಿರ ಬಂದದ್ದು ಆಗಲೇ. ಅದರಿಂದ ಕಲಿತದ್ದೆಂದರೆ ಅಚ್ಚಿನ ಮೈ ಇಡ್ಲಿ ಬಟ್ಟಲಿನಂತೆ ಇಳಿಜಾರಾಗಿರಬೇಕು, ಎಲ್ಲಿಯೂ ಒಳಕ್ಕೆ ಸರಿಯಬಾರದು.

ಇನ್ನು ನಕ್ಷೆ. ಹಿರೇಕೆರೂರಿನಲ್ಲಿ ನಮ್ಮ ಬ್ಯಾಂಕಿಗೆ ಪಗಾರಕ್ಕೆ ಬರುತ್ತಿದ್ದ ಚಿತ್ರಕಲಾ ಮಾಸ್ತರರೊಬ್ಬರು, ಈಗ ಅವರೂ ನಿವೃತ್ತರು, ಎರಡು ವಾರ ಕೂತು ಪ್ಲಾಸ್ಟರಿನಲ್ಲಿ ಹಾವೇರಿ ಜಿಲ್ಲೆ ಮಾಡಿಕೊಟ್ಟರು. ಏನು ಹೇಳಲಿ! ಪಡುವಣಕ್ಕೆ ಹಾನಗಲ್ಲಿನ ಕಾಡಿನ ಏರುತಗ್ಗು, ಅಲ್ಲಿಂದ ಹರಿಯುವ ವರದೆ, ಮೂಡಣ ಅಂಚಿಗೆ ತುಂಗಭದ್ರೆ, ತೆಂಕಣದಲ್ಲಿ ಕುಮುದ್ವತಿ, ಮದಗ ಮಾಸೂರಿನ ಕೆರೆ, ನಮ್ಮೂರ ಆನಿಕೆರೆ, ರಸ್ತೆಗಳು, ಗುಡಿಗೊಂದು ಶಿಖರ. ಅಚ್ಚು ಕೂಡ ಒಂದೇ ಸಲಕ್ಕೆ ಚಂದ ಬಂತು. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ಮಾಸ್ತರರು ಇದ್ದಾಗಲೇ ಪುಟ್ಟಿಯ ಕೈಗೆ ಕೊಟ್ಟೆ.

ಅವಳು ಹತ್ತೂ ಬೆರಳು ಊರಿ ಬಹಳ ಹೊತ್ತು ಆಡಿಸಿದಳು. ಮೋರೆಯಲ್ಲಿ ಏನೂ ಮೂಡಲಿಲ್ಲ.

"ಚಲೋ ಐತಿ ಅಜ್ಜಾ" ಎಂದಳು. ಆಮೇಲೆ, ಮಾಸ್ತರರು ಹೋದ ಮೇಲೆ, ಮೆಲ್ಲಗೆ, "ಎಲ್ಲಾ ಕಡೆ ಏನೇನೋ ಎದ್ದೈತಿ. ಯಾವುದು ಗುಡ್ಡ, ಯಾವುದು ಊರು, ಯಾವುದು ಹೊಳಿ? ಕೈಗೆ ಗದ್ದಲ ಆಗತೈತಿ" ಎಂದಳು.

ಆ ರಾತ್ರಿ ದೀಪ ಆರಿಸಿ, ಕಣ್ಣು ಮುಚ್ಚಿ ನಾನೂ ಮುಟ್ಟಿ ನೋಡಿದೆ. ನನಗೂ ಗದ್ದಲವೇ. ಕಣ್ಣು ಇಡೀ ಚಿತ್ರವನ್ನು ಒಮ್ಮೆಲೇ ನುಂಗುತ್ತದೆ. ಬೆರಳು ಒಂದೊಂದೇ ಕಾಳು ಹೆಕ್ಕುತ್ತದೆ. ನಾವು ಇಬ್ಬರು ಮುದುಕರು ನಮ್ಮ ಕಣ್ಣಿಗೆ ಬೇಕಾದ ನಕ್ಷೆ ಮಾಡಿದ್ದೆವು.

ಮರುದಿನ ಪುಟ್ಟಿಯನ್ನೇ ಕೂಡಿಸಿಕೊಂಡೆ. ಏನು ಬೇಕು, ಏನು ಬೇಡ? ಗುಡ್ಡ ಬೇಡ, ಕಾಡು ಬೇಡ, ರಸ್ತೆ ಬೇಡ. ಜಿಲ್ಲೆಯ ಗಡಿ ಒಂದು, ಹೊಳೆ ಎರಡು, ತಾಲೂಕಿನ ಊರುಗಳು ಇಷ್ಟೇ. ದಪ್ಪ ರಟ್ಟಿನ ಮೇಲೆ, 5 ಕಿಲೋಮೀಟರಿಗೆ 1 ಸೆಂಟಿಮೀಟರಿನಂತೆ ಅಳತೆ ಹಾಕಿದೆ. ಗಡಿಗೆ ಗೋಣಿಚೀಲ ಹೊಲಿಯುವ ಸುತಳಿ. ತುಂಗಭದ್ರೆಗೆ ಹುರಿ ಹಾಕಿದ ಜೋಡು ದಾರ, ವರದೆಗೆ ಒಂಟಿ ದಾರ. ಅದು ಹೋಗಿ ಗಳಗನಾಥದಲ್ಲಿ ಜೋಡು ದಾರಕ್ಕೆ ಸೇರಬೇಕು. ಊರುಗಳಿಗೆ ಏನು? ಅಡಿಗೆಮನೆಯಿಂದ ಉತ್ತರ ಬಂತು. ನನ್ನ ಹೆಂಡತಿ ಮರದಲ್ಲಿ ಬೇಳೆ ಆರಿಸುತ್ತಿದ್ದವಳು ಒಂದು ತೊಗರಿಬೇಳೆ ತಂದು ಮೇಜಿನ ಮೇಲೆ ಇಟ್ಟಳು. ಕೆಳಗೆ ಚಪ್ಪಟೆ, ಮೇಲೆ ಗುಂಡು, ಎಲ್ಲಿಯೂ ಒಳಕ್ಕೆ ಸರಿಯುವುದಿಲ್ಲ. ಭರಣಿಯಲ್ಲಿ ಇಲ್ಲದ ಗುಣವೆಲ್ಲ ಅದರಲ್ಲಿತ್ತು. ಜಿಲ್ಲಾ ಸ್ಥಳ ಹಾವೇರಿಗೆ ಎರಡು ಬೇಳೆ, ಉಳಿದವಕ್ಕೆ ಒಂದೊಂದು. ಸವಣೂರಿನ ಪಕ್ಕ ಮರಕ್ಕೂ ಒಂದು ಗುರುತು ಬೇಕೇಬೇಕೆಂದು ಪುಟ್ಟಿ ಹಟ ಹಿಡಿದಳು. ಕಡಿಮೆ ಇರಲಿ ಎಂದವಳು ಅವಳೇ. ಆದರೂ ಮೂರು ಮೆಂತೆಕಾಳು ಅಂಟಿಸಿದೆ. ದಾರದ ಎರಡೂ ಮಗ್ಗುಲಿಗೆ, ಬೇಳೆಯ ಸುತ್ತ, ಗಾಳಿ ಹೋಗಲು ಸೂಜಿಯಿಂದ ಚುಚ್ಚಿದೆ.

ಹೆಸರು ಬರೆಯಬೇಕಲ್ಲ. ಬ್ರೈಲ್ ಚುಕ್ಕಿಗೆ ರಾಗಿ ಕಾಳು ಸರಿಹೋಯಿತು. ಆರು ಚುಕ್ಕಿಗಳ ಭಾರತಿ ಬ್ರೈಲನ್ನು ಅವಳ ಜೊತೆ ನಾನೂ ಅಷ್ಟಿಷ್ಟು ಕಲಿತಿದ್ದೆ. ಪಟ್ಟಿಯ ಮೇಲೆ ಕಾಗದ ಇಟ್ಟು ಮೊಳೆಯಿಂದ ಚುಚ್ಚುವಾಗ ಅಕ್ಷರವನ್ನು ತಿರುವುಮುರುವಾಗಿ ಬರೆಯಬೇಕು. ಕಾಗದ ಮಗುಚಿದಾಗ ಸರಿ ಕಾಣುತ್ತದೆ. ಆ ರೂಢಿಯಲ್ಲೇ ರಟ್ಟಿನ ಮೇಲೂ ತಿರುವಿ ಅಂಟಿಸಿದೆ. ಜಾಗ ಉಳಿಸಲೆಂದು ಊರಿಗೊಂದೇ ಅಕ್ಷರ. ಹಾಳೆ ತೆಗೆದು ಕೈಗೆ ಕೊಟ್ಟರೆ ಪುಟ್ಟಿ ಕಿಸಕ್ಕನೆ ನಕ್ಕಳು.

"ಅಜ್ಜಾ, ನಮ್ಮ ಜಿಲ್ಲಾದಾಗ ಮೂರು ಜ ಅದಾವು! ಜಾನಗಲ್ಲ, ಜಾವೇರಿ, ಜಿರೇಕೆರೂರು!"

ಹ ಎಂಬುದು 1, 2, 5ನೆಯ ಚುಕ್ಕಿ. ಕನ್ನಡಿಯಲ್ಲಿ ತಿರುಗಿಸಿದರೆ 2, 4, 5; ಅದು ಜ. ಇಲ್ಲಿ ಕಾಗದ ಮಗುಚುವುದಿಲ್ಲ, ಹಾಳೆ ಅಚ್ಚಿನ ಮೇಲೆಯೇ ಕೂರುತ್ತದೆ, ಇದ್ದದ್ದು ಇದ್ದಂತೆ ಬರುತ್ತದೆ. ತಿರುವಿದ್ದನ್ನು ಸರಿ ಮಾಡಿದರೂ ಮೂರು ಹ ಉಳಿದವು. ಕೊನೆಗೆ ಹಾನ, ಹಾವೇ, ಹಿ ಎಂದು ಬೇರೆ ಬೇರೆ ಮಾಡಿದೆವು.

ಇನ್ನೊಂದು ತೊಡಕು. ಭರಣಿಯ ಕಾಲದ ಒಂದು ಮಿಲಿಮೀಟರು ದಪ್ಪದ ಹಾಳೆ ರಾಗಿಯ ಮೇಲೆ ಬಿದ್ದರೆ ಚುಕ್ಕಿಗಳೆಲ್ಲ ಕೂಡಿಕೊಂಡು ಸೊಳ್ಳೆ ಕಡಿದ ಬಾವಿನಂತಾಗುತ್ತಿದ್ದವು. ಬ್ರೈಲಿನ ಎರಡು ಚುಕ್ಕಿಗಳ ನಡುವೆ ಇರುವುದೇ ಸುಮಾರು ಎರಡೂವರೆ ಮಿಲಿಮೀಟರು. 0.3 ಮಿಲಿಮೀಟರಿನ ತೆಳು ಹಾಳೆ ತರಿಸಿದೆ. ಅದು ಇಪ್ಪತ್ತು ಎಣಿಸುವಷ್ಟರಲ್ಲಿ ಹದಕ್ಕೆ ಬರುತ್ತದೆ, ಇಪ್ಪತ್ತೈದಕ್ಕೆ ತೂತು ಬೀಳುತ್ತದೆ. ಒಬ್ಬನಿಂದ ಆಗದು. ಅಂದು ಮಗಳು ಬಂದು ಚೌಕಟ್ಟಿನ ಇನ್ನೊಂದು ಬದಿ ಹಿಡಿದಳು. ನಾನು ಎಣಿಸುತ್ತಿದ್ದೆ, ಅವಳು ಎತ್ತುತ್ತಿದ್ದಳು. ಡಾಕ್ಟರ ಆ ಕೋಣೆಯಿಂದ ಈಚೆಗೆ ನಾವಿಬ್ಬರೂ ಒಟ್ಟಿಗೆ ಮಾಡಿದ ಮೊದಲ ಕೆಲಸವಿರಬೇಕು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಎಣಿಸಪ್ಪಾ, ತಪ್ಪತೈತಿ" ಎಂದಳು.

ಏಳು ಹಾಳೆ ಹಾಳಾಗಿ ಎಂಟನೆಯದು ನಿಂತಿತು.

ಪುಟ್ಟಿ ಜಗಲಿಯಲ್ಲಿ ಕೂತು ಮೊದಲು ಸುತಳಿಯ ಗಡಿಯನ್ನು ಒಂದು ಸುತ್ತು ಹಾಕಿದಳು. ಆಮೇಲೆ ಬಲಗೈಯ ಬೆರಳು ವರದೆಯನ್ನು ಹಿಡಿದುಕೊಂಡು ಹೊರಟಿತು. ತಪ್ಪಲಿಲ್ಲ. ಜೋಡು ದಾರ ಸಿಕ್ಕಿದ ಕೂಡಲೇ "ಗಳಗನಾಥ!" ಎಂದು ಕೂಗಿದಳು. ಎಡಗೈ ಹಾನಗಲ್ಲಿನ ಬೇಳೆಯ ಮೇಲೆ ಇಟ್ಟು ಬಲಗೈಯಿಂದ ಒಂದೊಂದೇ ಊರಿಗೆ ಹೋಗಿ ಬಂದಳು. "ಸವಣೂರಿಗಿ ಶಿಗ್ಗಾವಿ ಇಷ್ಟ ಬಾಜೂಕ ಐತೇನು? ಮತ್ತ ನಾವು ಹೋಗೂಮುಂದ ಬಸ್ಸು ಅಷ್ಟ ಯಾಕ ಸುತ್ತಿತು?" ಮೆಂತೆಕಾಳು ಸಿಕ್ಕಾಗ ಏನೂ ಹೇಳದೆ ಅಲ್ಲೇ ಸ್ವಲ್ಪ ಹೊತ್ತು ಬೆರಳಿಟ್ಟಳು. ಹಿರೇಕೆರೂರು ಎಷ್ಟು ಕೆಳಗಿದೆ ಎಂದು ಅಚ್ಚರಿಪಟ್ಟಳು. ನಾನು ಮೂವತ್ತೇಳು ವರ್ಷ ಬಸ್ಸಿನಲ್ಲಿ ಅಲೆದ ನೌಕರಿಯೆಲ್ಲ ಅವಳ ಎರಡು ಗೇಣಿನೊಳಗೆ ಇತ್ತು.

ಆ ಹಾಳೆಯನ್ನು ಶಾಲೆಗೆ ಒಯ್ದಳು. ಗುರುಗಳು ಎಲ್ಲ ಮಕ್ಕಳ ಕಣ್ಣು ಮುಚ್ಚಿಸಿ ಮುಟ್ಟಿಸಿದರಂತೆ. ಗಳಗನಾಥ ಹುಡುಕಲು ಯಾರಿಗೂ ಆಗಲಿಲ್ಲವೆಂದು ಅವಳಿಗೆ ಭಾರೀ ಖುಷಿ. ವಿಶೇಷ ಶಿಕ್ಷಕಿ ಬೇರೆ ಮಕ್ಕಳಿಗೆಂದು ಆರು ಹಾಳೆ ಕೇಳಿದ್ದಾರೆ. ಅಚ್ಚಿನ ರಾಗಿ ಕಾಳು ನಾಲ್ಕೈದು ಸಲಕ್ಕೆ ಉದುರುತ್ತವೆ, ಮತ್ತೆ ಅಂಟಿಸುತ್ತ ಕೂರುತ್ತೇನೆ. ಹಿರೇಕೆರೂರಿನ ಮಾಸ್ತರರಿಗೆ ವಿಷಯ ತಿಳಿಸಿದೆ. ಅವರು ಬೇಸರಿಸಲಿಲ್ಲ, ಕರ್ನಾಟಕದ ಗಡಿಗೆ ಎಷ್ಟು ಮಾರು ಸುತಳಿ ಬೇಕೆಂದು ಲೆಕ್ಕ ಹಾಕುತ್ತಿದ್ದಾರೆ.

ಮೊನ್ನೆ ರವಿವಾರ ಪುಟ್ಟಿ ಆ ಹಾಳೆಯನ್ನು ತೊಡೆಯ ಮೇಲೆ ಹಾಕಿಕೊಂಡು ಶಿಗ್ಗಾವಿಯಿಂದ ಮೇಲಕ್ಕೆ ಬೆರಳು ಸರಿಸುತ್ತಿದ್ದಳು. ಸುತಳಿ ದಾಟಿತು, ಬರಿ ಪ್ಲಾಸ್ಟಿಕ್ಕು ಸಿಕ್ಕಿತು.

"ಹುಬ್ಬಳ್ಳಿ ಎಲ್ಲೈತಿ ಅಜ್ಜಾ?"

"ಅದು ನಮ್ಮ ಜಿಲ್ಲಾದಾಗ ಬರಂಗಿಲ್ಲವಾ" ಎಂದೆ.

"ಬರದಿದ್ರ ಏನಾತು? ನಾವು ಹೋಗಿದ್ವಲ್ಲ. ದವಾಖಾನಿಗೆ."

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಅಚ್ಚಿನ ರಟ್ಟು ತೆಗೆದು, ಶಿಗ್ಗಾವಿಯ ಮೇಲೆ, ಗಡಿಯ ಆಚೆ, ಸ್ಕೇಲು ಇಟ್ಟು ಅಳೆದೆ. ಮಗಳು ಒಳಗೆ ಹೋಗಿ ಡಬ್ಬಿಯಿಂದ ಒಂದು ಬೇಳೆ ತಂದು ಕೊಟ್ಟಳು. ಫೆವಿಕಾಲ್ ಹಚ್ಚಿ ಒತ್ತಿ ಹಿಡಿದಿದ್ದೇನೆ, ಒಣಗಲು ರಾತ್ರಿಯಾದೀತು.